ಕಾರಿನ ಎಸಿ ಬಿಸಿಗಾಳಿ ಬಿಡುತ್ತಿದೆಯೇ? ಗ್ಯಾಸ್ ಹಾಕಿಸುವ ಮೊದಲು ಇದಿಷ್ಟು ನೋಡಿ

ಏಪ್ರಿಲ್ ಬಂತೆಂದರೆ ಕಾರ್ ಎಸಿ ಗ್ಯಾರೇಜುಗಳ ಮುಂದೆ ಗಾಡಿಗಳ ಸಾಲು ಬೆಳೆಯುತ್ತದೆ. ಚಳಿಗಾಲವಿಡೀ ಎಸಿ ಗುಂಡಿ ಮುಟ್ಟದವರು ಮೊದಲ ಬಿರುಬಿಸಿಲಿಗೆ ಒತ್ತಿ ನೋಡುತ್ತಾರೆ. ಗಾಳಿ ಜೋರಾಗಿಯೇ ಬರುತ್ತದೆ, ಆದರೆ ಬಿಸಿ. ಕಲಬುರಗಿ, ರಾಯಚೂರು ಕಡೆ ಹೊರಗೆ 40 ಡಿಗ್ರಿ ದಾಟಿರುವಾಗ ಮಕ್ಕಳನ್ನೋ ವಯಸ್ಸಾದವರನ್ನೋ ಕೂರಿಸಿಕೊಂಡು ದೂರ ಹೊರಟವರಿಗೆ ಇದು ಸಣ್ಣ ತೊಂದರೆಯಲ್ಲ. ಗ್ಯಾರೇಜಿನಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಒಂದೇ: "ಗ್ಯಾಸ್ ಖಾಲಿ ಆಗಿದೆ ಸಾರ್, ಹಾಕ್ಬಿಡ್ಲಾ?" ಹಾಕಿಸುತ್ತಾರೆ, ಸ್ವಲ್ಪ ದಿನ ತಣ್ಣಗಿರುತ್ತದೆ, ಆಮೇಲೆ ಮತ್ತೆ ಬಿಸಿಗಾಳಿ.

ಗ್ಯಾಸ್ ಕಡಿಮೆಯಾಗಿರುವುದು ನಿಜವೇ ಇರಬಹುದು. ಆಗ ಕೇಳಬೇಕಾದ ಪ್ರಶ್ನೆ, ಅದು ಎಲ್ಲಿಂದ ಹೋಯಿತು ಎಂಬುದು. ಎಷ್ಟೋ ಸಲ ಗ್ಯಾಸ್ ಪೂರ್ತಿ ಇದ್ದು, ಮುಂಭಾಗದ ಫ್ಯಾನೋ, ಕರೆಂಟ್ ಹಾಯಿಸುವ ರಿಲೇ ಎಂಬ ಒಂದು ಚಿಕ್ಕ ಸ್ವಿಚ್ಚೋ, ಡ್ಯಾಶ್‌ಬೋರ್ಡ್ ಒಳಗಿನ ಒಂದು ಪ್ಲಾಸ್ಟಿಕ್ ಬಾಗಿಲೋ ಕೆಟ್ಟಿರುತ್ತದೆ. ಎಸಿ ಹೇಗೆ ಕೆಲಸ ಮಾಡುತ್ತದೆಂಬುದು ಸ್ಥೂಲವಾಗಿ ಗೊತ್ತಿದ್ದರೆ ಇವುಗಳಲ್ಲಿ ಯಾವುದು ಎಂದು ಮನೆಯಲ್ಲೇ ಅರ್ಧದಷ್ಟು ಊಹಿಸಬಹುದು.

ತಣ್ಣನೆಯ ಗಾಳಿ ಬರುವುದು ಹೇಗೆ

ಎಸಿ ಮಾಡುವ ಕೆಲಸ ಇಷ್ಟೇ: ಕಾರಿನೊಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವುದು. ಆ ಹೊರೆಯನ್ನು ಹೊರುವುದು ನಾವು ಗ್ಯಾಸ್ ಎಂದು ಕರೆಯುವ ವಸ್ತು. ಭಾರತದ ಹೆಚ್ಚಿನ ಕಾರುಗಳಲ್ಲಿ ಇರುವುದು ಆರ್-134ಎ. ಬಯಲಿಗೆ ಬಿಟ್ಟರೆ ಇದು ಸುಮಾರು ಮೈನಸ್ 26 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಯಾವುದೇ ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ, ಆವಿ ಮತ್ತೆ ದ್ರವವಾಗುವಾಗ ಹೀರಿದ್ದನ್ನು ಬಿಟ್ಟುಕೊಡುತ್ತದೆ. ಎಲ್ಲಿ ಹೀರಬೇಕು, ಎಲ್ಲಿ ಬಿಡಬೇಕು ಎನ್ನುವುದನ್ನು ಒತ್ತಡ ಏರಿಸಿ ಇಳಿಸಿ ನಿಯಂತ್ರಿಸುವ ಏರ್ಪಾಡೇ ಎಸಿ.

ಡ್ಯಾಶ್‌ಬೋರ್ಡ್ ಹಿಂದೆ ಕೂಲಿಂಗ್ ಕಾಯಿಲ್ ಇದೆ. ಅದರೊಳಗೆ ಒತ್ತಡ ಕಡಿಮೆ, ಹಾಗಾಗಿ ಗ್ಯಾಸ್ ಸುಮಾರು 0 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಬ್ಲೋವರ್ ಫ್ಯಾನ್ ಈ ಕಾಯಿಲ್ ಮೂಲಕ ಗಾಳಿ ತಳ್ಳುತ್ತದೆ, ಗಾಳಿ ತಣ್ಣಗಾಗಿ ನಮ್ಮ ಮುಖಕ್ಕೆ ಬರುತ್ತದೆ. ಶಾಖ ಹೊತ್ತ ಆವಿ ಅಲ್ಲಿಂದ ಎಂಜಿನ್ ಪಕ್ಕದ ಕಂಪ್ರೆಸರ್‌ಗೆ ಹೋಗುತ್ತದೆ. ಕಂಪ್ರೆಸರ್ ಅದನ್ನು ಬಲವಾಗಿ ಅದುಮುತ್ತದೆ. ಬೇಸಿಗೆಯಲ್ಲಿ ಈ ಒತ್ತಡ ಹದಿನೈದು ಬಾರ್ ಮುಟ್ಟುವುದು ಸಾಮಾನ್ಯ, ಮೆಕ್ಯಾನಿಕ್‌ಗಳ ಲೆಕ್ಕದಲ್ಲಿ 200 ಪಿಎಸ್‌ಐಗೂ ಮೇಲೆ. ಇಷ್ಟು ಅದುಮಬೇಕಾದದ್ದೇಕೆಂದರೆ, ಹೊರಗೆ 40 ಡಿಗ್ರಿ ಇರುವಾಗ ಶಾಖವನ್ನು ಅಲ್ಲಿಗೆ ಬಿಡಲು ಗ್ಯಾಸ್ ಅದಕ್ಕಿಂತ ಬಿಸಿ ಇರಲೇಬೇಕು. ಶಾಖ ಬಿಸಿಯಿಂದ ತಣ್ಣಗಿನ ಕಡೆಗೆ ಮಾತ್ರ ಹರಿಯುತ್ತದಲ್ಲ.

ಬಿಸಿಯಾದ ಗ್ಯಾಸ್ ಕಾರಿನ ಮೂತಿಯಲ್ಲಿ, ರೇಡಿಯೇಟರ್‌ಗೂ ಮುಂದೆ ಇರುವ ಕಂಡೆನ್ಸರ್‌ಗೆ ಬರುತ್ತದೆ. ಎದುರುಗಾಳಿಯೂ ಫ್ಯಾನೂ ಅದನ್ನು ತಣಿಸಿ ದ್ರವ ಮಾಡುತ್ತವೆ. ತೇವ ಹೀರುವ ಡ್ರೈಯರ್ ದಾಟಿ, ಎಕ್ಸ್‌ಪ್ಯಾನ್ಷನ್ ವಾಲ್ವ್ ಎಂಬ ಕಿರಿದಾದ ತೂತಿನಿಂದ ನುಸುಳುವಾಗ ಒತ್ತಡ ಥಟ್ಟನೆ ಬಿದ್ದು ದ್ರವ ಮತ್ತೆ ಕೂಲಿಂಗ್ ಕಾಯಿಲ್ ಸೇರುತ್ತದೆ. ಈ ಸುತ್ತಿನಲ್ಲಿ ಎಲ್ಲಿ ಕೊಂಡಿ ತಪ್ಪಿದರೂ ಕೊನೆಗೆ ನಮಗೆ ಸಿಗುವುದು ಬಿಸಿಗಾಳಿಯೇ. ಪತ್ತೆ ಕಷ್ಟವಾಗುವುದು ಇದರಿಂದ.

ಗ್ಯಾಸ್ ಉರಿದು ಮುಗಿಯುವುದಿಲ್ಲ

ಪೆಟ್ರೋಲ್ ಖರ್ಚಾಗುತ್ತದೆ, ಎಸಿ ಗ್ಯಾಸ್ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ರಬ್ಬರ್ ಪೈಪುಗಳ ಮೂಲಕ ತೀರಾ ನಿಧಾನವಾಗಿ ಕೊಂಚ ಸೋರಿಹೋಗುವುದು ಸಹಜ. ಹೀಗಾಗಿ ಏಳೆಂಟು ವರ್ಷದ ಕಾರಿಗೆ ಒಮ್ಮೆ ಗ್ಯಾಸ್ ಬೇಕಾದರೆ ಅದರಲ್ಲಿ ಅಚ್ಚರಿಯಿಲ್ಲ. ಪ್ರತಿ ಬೇಸಿಗೆಗೂ ಬೇಕಾಗುತ್ತಿದ್ದರೆ ಎಲ್ಲೋ ತೂತಿದೆ ಎಂದೇ ಅರ್ಥ.

ಆ ತೂತು ಇರುವ ಜಾಗಗಳೂ ಬಹುಮಟ್ಟಿಗೆ ಗೊತ್ತಿರುವಂಥವೇ. ಕಂಡೆನ್ಸರ್ ಕಾರಿನ ಮುಂತುದಿಯಲ್ಲಿರುವುದರಿಂದ ಹೆದ್ದಾರಿಯಲ್ಲಿ ಸಿಡಿಯುವ ಕಲ್ಲು ಮೊದಲು ತಾಗುವುದು ಅದಕ್ಕೆ. ಪೈಪುಗಳು ಸೇರುವ ಕಡೆ ಒ-ರಿಂಗ್ ಎಂಬ ಸಣ್ಣ ರಬ್ಬರ್ ಬಳೆಗಳಿರುತ್ತವೆ, ಕಾಲ ಕಳೆದಂತೆ ಅವು ಗಟ್ಟಿಯಾಗಿ ಬಿರಿಯುತ್ತವೆ. ಕಂಪ್ರೆಸರ್‌ನ ಶಾಫ್ಟ್ ಸೀಲ್ ಇನ್ನೊಂದು. ಗ್ಯಾಸ್ ಜೊತೆ ಸುತ್ತುವ ಎಣ್ಣೆ ಈ ಸೀಲನ್ನು ಹಸಿಯಾಗಿಡುತ್ತದೆ. ತಿಂಗಳುಗಟ್ಟಲೆ ಎಸಿ ಹಾಕದಿದ್ದರೆ ಸೀಲ್ ಒಣಗಿ ಸೋರಲು ಶುರುವಾಗಬಹುದು. ಅದಕ್ಕೇ ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ ಎನ್ನುವುದು. ಮಳೆಯಲ್ಲಿ ಗಾಜಿನ ಮಂಜು ತೆಗೆಯಲೂ ಎಸಿಯೇ ಬೇಕಾಗುವುದರಿಂದ ಇದು ವ್ಯರ್ಥವಲ್ಲ.

ಸೋರಿಕೆ ಕಣ್ಣಿಗೆ ಕಾಣುವ ಒಂದು ಗುರುತಿದೆ. ಗ್ಯಾಸ್ ಹೊರಬರುವಾಗ ಎಣ್ಣೆಯನ್ನೂ ಎಳೆದು ತರುತ್ತದೆ. ಎಣ್ಣೆಗೆ ಧೂಳು ಹತ್ತುತ್ತದೆ. ಎಸಿ ಪೈಪಿನ ಬೇರೆಲ್ಲ ಭಾಗದಲ್ಲಿ ಒಣಧೂಳಿದ್ದು, ಒಂದು ಜಾಯಿಂಟ್ ಸುತ್ತ ಮಾತ್ರ ಕಪ್ಪಗೆ, ಜಿಡ್ಡಾಗಿ, ಬೆರಳಿಗೆ ಮೆತ್ತುವಂತೆ ಕಂಡರೆ ಅನುಮಾನಿಸಬೇಕಾದ ಜಾಗ ಅದೇ. ಅದರ ಫೋಟೋ ತೆಗೆದು ಗ್ಯಾರೇಜಿನವರಿಗೆ ತೋರಿಸಿದರೆ ಹುಡುಕುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ.

ಯಾವ ಹೊತ್ತಿನಲ್ಲಿ ಬಿಸಿ ಎಂಬುದೇ ದೊಡ್ಡ ಸುಳಿವು

"ಎಸಿ ಕೂಲ್ ಆಗ್ತಿಲ್ಲ" ಎಂದಷ್ಟೇ ಹೇಳುವುದಕ್ಕೂ, ಯಾವಾಗ ಆಗುತ್ತಿಲ್ಲ ಎಂದು ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಗ್ಯಾರೇಜಿಗೆ ಹೋಗುವ ಮುನ್ನ ಒಂದೆರಡು ದಿನ ಗಮನಿಸಿ.

ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಗಾಳಿ, ಹೊಸೂರು ರಸ್ತೆಯ ಫ್ಲೈಓವರ್ ಹತ್ತಿ ವೇಗ ಹಿಡಿದೊಡನೆ ತಣ್ಣನೆ ಗಾಳಿ. ಇದು ನಿಮ್ಮ ಕಾರಿನ ಲಕ್ಷಣವಾದರೆ ಮೊದಲು ನೋಡಬೇಕಾದದ್ದು ಕಂಡೆನ್ಸರ್ ಫ್ಯಾನ್. ಓಡುವಾಗ ಎದುರುಗಾಳಿ ಕಂಡೆನ್ಸರನ್ನು ತಣಿಸುತ್ತದೆ, ನಿಂತಾಗ ಆ ಕೆಲಸವೆಲ್ಲ ಫ್ಯಾನಿನದು. ಮೋಟಾರ್ ಸುಟ್ಟಿರಬಹುದು, ಅಥವಾ ಅದಕ್ಕೆ ಕರೆಂಟ್ ಕೊಡುವ ರಿಲೇ, ಫ್ಯೂಸ್ ಕೆಟ್ಟಿರಬಹುದು. ಕಂಡೆನ್ಸರ್‌ನ ತೆಳು ರೆಕ್ಕೆಗಳ ನಡುವೆ ಧೂಳು, ಹುಳು, ಒಣಹುಲ್ಲು ತುಂಬಿದ್ದರೂ ಹೀಗೇ ಆಗುತ್ತದೆ. ಕಟಾವಿನ ಕಾಲದಲ್ಲಿ ಹಳ್ಳಿ ರಸ್ತೆಗಳಲ್ಲಿ ಓಡಾಡುವ ಕಾರುಗಳಲ್ಲಿ ಇದನ್ನು ಮರೆಯದೆ ನೋಡಿ. ತೋಟದ ಪೈಪಿನ ಸಾಧಾರಣ ನೀರಲ್ಲಿ ತೊಳೆದರೆ ಸಾಕು. ಹತ್ತಿರದಿಂದ ಪ್ರೆಷರ್ ವಾಟರ್ ಹೊಡೆದರೆ ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಗ್ಯಾಸ್ ಕೊಂಚ ಕಡಿಮೆಯಿರುವಾಗಲೂ ನಿಂತಲ್ಲಿ ತಂಪು ಕುಂದುವುದುಂಟು. ಆದರೆ ಫ್ಯಾನ್ ನೋಡಲು ಖರ್ಚಿಲ್ಲ, ಹಾಗಾಗಿ ಅಲ್ಲಿಂದ ಶುರುಮಾಡಿ.

ಹೊರಟ ಅರ್ಧ ಗಂಟೆ ಚೆನ್ನಾಗಿ ತಣ್ಣಗಿದ್ದು, ಆಮೇಲೆ ಗಾಳಿಯ ರಭಸವೇ ಇಳಿದು ಬಿಸಿಯಾಗುತ್ತದೆಯೇ? ಎಸಿ ಆರಿಸಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಮತ್ತೆ ಸರಿಯಾಗುತ್ತದೆಯೇ? ಹಾಗಿದ್ದರೆ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಕಾಯಿಲ್ ತೀರಾ ತಣ್ಣಗಾಗದಂತೆ ತಡೆಯುವ ಸೆನ್ಸರ್ ಕೈಕೊಟ್ಟಿರಬಹುದು, ಅಥವಾ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡು ಸಾಕಷ್ಟು ಗಾಳಿ ಹಾಯುತ್ತಿಲ್ಲದಿರಬಹುದು. ಫಿಲ್ಟರ್ ಬಹುತೇಕ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ನೀವೇ ತೆಗೆದು ನೋಡಬಹುದು.

ಗಾಳಿಯ ರಭಸ ಮೊದಲಿನಿಂದಲೂ ಕಡಿಮೆಯಿದ್ದು, ಬರುವಷ್ಟು ಗಾಳಿ ತಣ್ಣಗಿದ್ದರೆ ಗ್ಯಾಸಿಗೂ ಅದಕ್ಕೂ ಸಂಬಂಧವಿಲ್ಲ. ಫಿಲ್ಟರ್ ಅಥವಾ ಬ್ಲೋವರ್ ನೋಡಿಸಿ.

ಎಂಜಿನ್ ಟೆಂಪರೇಚರ್ ಮುಳ್ಳು ಮೇಲೇರಿದ್ದಾಗಲೇ ಎಸಿ ಬಿಸಿಯಾಗುತ್ತಿದ್ದರೆ ಅದನ್ನು ಎಸಿಯ ದೋಷವೆಂದು ತಿಳಿಯಬೇಡಿ. ಎಂಜಿನ್ ಕಾಯ್ದಾಗ ಅದರ ಮೇಲಿನ ಹೊರೆ ಇಳಿಸಲು ಕಾರಿನ ಕಂಪ್ಯೂಟರೇ ಕಂಪ್ರೆಸರನ್ನು ಬಂದ್ ಮಾಡುತ್ತದೆ. ಎಸಿ ಮಾತು ಬಿಟ್ಟು ಗಾಡಿ ಪಕ್ಕಕ್ಕೆ ನಿಲ್ಲಿಸಿ. ಎಂಜಿನ್ನನ್ನು ತಣಿಸುವ ದ್ರವವಾದ ಕೂಲೆಂಟ್ ಸೋರಿರಬಹುದು, ಇಲ್ಲವೇ ರೇಡಿಯೇಟರ್ ಫ್ಯಾನ್ ನಿಂತಿರಬಹುದು. ಎಷ್ಟೋ ಕಾರುಗಳಲ್ಲಿ ರೇಡಿಯೇಟರಿಗೂ ಕಂಡೆನ್ಸರಿಗೂ ಒಂದೇ ಫ್ಯಾನ್. ಬಿಸಿ ಕೂಲೆಂಟಿನ ಮುಚ್ಚಳವನ್ನು ಯಾವ ಕಾರಣಕ್ಕೂ ಆಗಲೇ ತೆರೆಯಬೇಡಿ.

ಇನ್ನೊಂದು ಬಗೆಯ ದೋಷವನ್ನು ಗ್ಯಾಸ್ ಎಂದು ತಪ್ಪು ತಿಳಿಯುವುದು ತೀರಾ ಸುಲಭ. ಡ್ಯಾಶ್‌ಬೋರ್ಡ್ ಒಳಗೆ ಕೂಲಿಂಗ್ ಕಾಯಿಲ್ ಜೊತೆಗೇ ಹೀಟರ್ ಕೂಡ ಇರುತ್ತದೆ, ಅದರಲ್ಲಿ ಎಂಜಿನ್ನಿನ ಬಿಸಿ ಕೂಲೆಂಟ್ ಹರಿಯುತ್ತದೆ. ತಣ್ಣನೆ ಗಾಳಿಗೆ ಎಷ್ಟು ಬಿಸಿ ಬೆರೆಸಬೇಕೆಂದು ನಿರ್ಧರಿಸುವುದು ನಡುವಿನ ಒಂದು ಪ್ಲಾಸ್ಟಿಕ್ ಬಾಗಿಲು. ಅದನ್ನು ತಿರುಗಿಸುವ ಕೇಬಲ್ ಕಳಚಿದರೆ ಅಥವಾ ಸಣ್ಣ ಮೋಟಾರಿನ ಹಲ್ಲು ಸವೆದರೆ ಬಾಗಿಲು ಹೀಟರ್ ಕಡೆಗೆ ತೆರೆದೇ ಉಳಿಯುತ್ತದೆ. ಎಸಿ ತನ್ನ ಪಾಡಿಗೆ ತಣಿಸುತ್ತಿರುತ್ತದೆ, ಹೀಟರ್ ಅದನ್ನು ಬಿಸಿ ಮಾಡುತ್ತಿರುತ್ತದೆ. ಗುರುತಿಸುವ ದಾರಿ: ಬೆಳಿಗ್ಗೆ ಎಂಜಿನ್ ಇನ್ನೂ ಕಾಯದಿರುವಾಗ ಎಸಿ ಹಾಕಿ. ಆಗ ತಣ್ಣಗೆ ಬಂದು, ಎಂಜಿನ್ ಕಾಯುತ್ತ ಹೋದಂತೆ ಗಾಳಿಯೂ ಬಿಸಿಯಾದರೆ ಅನುಮಾನ ಈ ಬಾಗಿಲಿನ ಮೇಲೆ. ಎಡಕ್ಕೂ ಬಲಕ್ಕೂ ಬೇರೆ ಬೇರೆ ತಾಪಮಾನ ಇಡಬಹುದಾದ ಕಾರುಗಳಲ್ಲಿ ಒಂದು ಬದಿ ಮಾತ್ರ ಬಿಸಿಯಾಗುವುದಕ್ಕೂ ಇದೇ ಕಾರಣವಿರಬಹುದು.

ಬಾನೆಟ್ ಎತ್ತಿ ನೋಡುವುದು

ಎಂಜಿನ್ ಓಡುತ್ತಿರುವಾಗ ಬೆಲ್ಟ್, ಫ್ಯಾನ್ ಹತ್ತಿರ ಕೈ ಹಾಕಬಾರದು. ಶಾಲು, ಸೆರಗು, ಜಡೆ ಜೋತುಬೀಳದಂತೆ ನೋಡಿಕೊಳ್ಳಿ. ಫ್ಯಾನ್ ನಿಂತಿದ್ದರೂ ಯಾವ ಕ್ಷಣದಲ್ಲಾದರೂ ತಿರುಗಲು ಶುರುವಾಗಬಹುದು.

ಒಬ್ಬರು ಒಳಗೆ ಕುಳಿತು ಎಸಿ ಆನ್, ಆಫ್ ಮಾಡಲಿ, ಇನ್ನೊಬ್ಬರು ದೂರದಿಂದ ಕಂಪ್ರೆಸರ್ ನೋಡಲಿ. ಕಂಪ್ರೆಸರ್ ಮುಂದೆ ಬೆಲ್ಟ್ ಸುತ್ತುವ ಪುಲ್ಲಿ ಇರುತ್ತದೆ. ಎಸಿ ಆಫ್ ಇದ್ದಾಗಲೂ ಪುಲ್ಲಿ ತಿರುಗುತ್ತಲೇ ಇರುತ್ತದೆ, ಅದರ ನಡುವಿನ ಬಿಲ್ಲೆ ಮಾತ್ರ ನಿಂತಿರುತ್ತದೆ. ಎಸಿ ಹಾಕಿದೊಡನೆ 'ಟಕ್' ಎಂದು ಬಿಲ್ಲೆ ಪುಲ್ಲಿಗೆ ಕಚ್ಚಿಕೊಂಡು ಜೊತೆಯಲ್ಲೇ ತಿರುಗಬೇಕು. ಇದೇ ಮ್ಯಾಗ್ನೆಟಿಕ್ ಕ್ಲಚ್. ಬಿಲ್ಲೆ ಅಲುಗದಿದ್ದರೆ ಕಂಪ್ರೆಸರ್ ಕೆಲಸ ಮಾಡುತ್ತಿಲ್ಲ. ಕಾರಣ ಫ್ಯೂಸ್ ಇರಬಹುದು, ರಿಲೇ ಇರಬಹುದು, ಕ್ಲಚ್ಚಿನ ಕಾಯಿಲ್ ಸುಟ್ಟಿರಬಹುದು, ಇಲಿ ವೈರ್ ಕಡಿದಿರಬಹುದು. ಗ್ಯಾಸ್ ತೀರಾ ಕಡಿಮೆಯಾದಾಗಲೂ ಹೀಗಾಗುತ್ತದೆ, ಏಕೆಂದರೆ ಎಣ್ಣೆಯಿಲ್ಲದೆ ಕಂಪ್ರೆಸರ್ ಸವೆಯದಿರಲೆಂದು ಪ್ರೆಷರ್ ಸ್ವಿಚ್ ಅದಕ್ಕೆ ಕರೆಂಟ್ ತಡೆಯುತ್ತದೆ. ಕೆಲವು ಸೆಕೆಂಡಿಗೊಮ್ಮೆ 'ಟಕ್ ಟಕ್' ಎಂದು ಕಚ್ಚಿ ಬಿಡುತ್ತಿದ್ದರೆ ಗ್ಯಾಸ್ ಕೊರತೆಯ ಅನುಮಾನ ಬಲವಾಗುತ್ತದೆ. ಕೆಲವು ಹೊಸ ಕಾರುಗಳ ಕಂಪ್ರೆಸರ್‌ನಲ್ಲಿ ಈ ಕ್ಲಚ್ಚೇ ಇರುವುದಿಲ್ಲ, ಅವುಗಳಲ್ಲಿ ಶಬ್ದ ಕೇಳದಿದ್ದರೆ ದೋಷವೆನ್ನಲಾಗದು.

ಎಸಿ ಹತ್ತು ನಿಮಿಷ ಓಡಿದ ಮೇಲೆ ಎಂಜಿನ್ ಆರಿಸಿ, ವಿಂಡ್‌ಸ್ಕ್ರೀನ್ ಕೆಳಗಿನ ತಗಡಿನ ಗೋಡೆಯ ಬಳಿ ಎರಡು ಅಲ್ಯೂಮಿನಿಯಂ ಪೈಪು ಹುಡುಕಿ. ದಪ್ಪ ಪೈಪು ತಣ್ಣಗಿದ್ದು ಬೆವರಿರಬೇಕು, ತೆಳು ಪೈಪು ಬೆಚ್ಚಗಿರಬೇಕು. ದಪ್ಪ ಪೈಪು ಹಿತವಾಗಿ ತಣ್ಣಗಿದ್ದೂ ಒಳಗೆ ಬಿಸಿಗಾಳಿ ಬರುತ್ತಿದ್ದರೆ ಆ ಪ್ಲಾಸ್ಟಿಕ್ ಬಾಗಿಲಿನ ಕಡೆಗೇ ಬೆರಳು ತೋರಿಸಬೇಕು. ಕಂಪ್ರೆಸರ್ ಹತ್ತಿರದ ಪೈಪು ಮಾತ್ರ ಮುಟ್ಟಬೇಡಿ, ಕೈ ಸುಡುತ್ತದೆ.

ಕಾರಿನ ಕೆಳಗೆ ತೊಟ್ಟಿಕ್ಕುವ ಶುದ್ಧ ನೀರಿಗೆ ಹೆದರಬೇಕಿಲ್ಲ. ಗಾಳಿಯ ತೇವ ಕಾಯಿಲ್ ಮೇಲೆ ನೀರಾಗಿ ಇಳಿದದ್ದು ಅದು. ಮಂಗಳೂರು, ಉಡುಪಿಯ ಸೆಕೆಯಲ್ಲಿ ಧಾರಾಳವಾಗಿ ಸುರಿಯುತ್ತದೆ, ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಅಷ್ಟಾಗಿ ಕಾಣದು. ಕರಾವಳಿಯಲ್ಲಿ ಅರ್ಧ ಗಂಟೆ ಎಸಿ ಓಡಿಸಿದರೂ ಒಂದು ಹನಿ ಬೀಳದಿದ್ದರೆ ಕಾಯಿಲ್ ತಣ್ಣಗಾಗುತ್ತಿಲ್ಲ, ಅಥವಾ ನೀರು ಹೋಗುವ ಪೈಪು ಕಟ್ಟಿದೆ. ಕಟ್ಟಿದ್ದರೆ ಮುಂದಿನ ಸೀಟಿನ ಕಾಲ್ಬದಿಯ ಮ್ಯಾಟ್ ಒದ್ದೆಯಾಗುತ್ತದೆ.

ಅಂದಹಾಗೆ, ಬಿಸಿಲಲ್ಲಿ ನಿಲ್ಲಿಸಿದ ಕಾರು ಹತ್ತಿದೊಡನೆ ಬರುವ ಬಿಸಿಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದೆರಡು ನಿಮಿಷ ಕಿಟಕಿ ಇಳಿಸಿ ಓಡಿಸಿ, ಆಮೇಲೆ ಮುಚ್ಚಿ, ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಷನ್ ಗುಂಡಿ ಒತ್ತಿ. ಈ ಗುಂಡಿ ಆಫ್ ಆಗಿದ್ದರೆ ಎಸಿ ಹೊರಗಿನ 40 ಡಿಗ್ರಿಯ ಗಾಳಿಯನ್ನೇ ಮತ್ತೆ ಮತ್ತೆ ತಣಿಸುತ್ತ ಸೋಲುತ್ತಿರುತ್ತದೆ.

ಯಾವ ಗ್ಯಾಸ್

ಹಳೆಯ ಕಾರುಗಳಲ್ಲಿ ಆರ್-12 ಇತ್ತು. ಅದು ಓಝೋನ್ ಪದರವನ್ನು ತಿನ್ನುತ್ತದೆಂದು ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದದ ಬೆನ್ನಿಗೆ ಬಳಕೆಯಿಂದ ಹೋಯಿತು, ಅದರ ಜಾಗಕ್ಕೆ ಬಂದದ್ದೇ ಆರ್-134ಎ. ಇದು ಓಝೋನಿಗೆ ಹಾನಿ ಮಾಡದಿದ್ದರೂ ಭೂಮಿಯ ಬಿಸಿ ಏರಿಸುವುದರಲ್ಲಿ ಒಂದು ಕಿಲೋ ಗ್ಯಾಸ್ ಸಾವಿರ ಕಿಲೋಗಿಂತ ಹೆಚ್ಚು ಕಾರ್ಬನ್ ಡೈಆಕ್ಸೈಡಿಗೆ ಸಮ. ಯುರೋಪಿನ ಹೊಸ ಕಾರುಗಳಲ್ಲಿ 2017ರಿಂದ ಇದಕ್ಕೆ ಅವಕಾಶವಿಲ್ಲ, ಅಲ್ಲಿ ಆರ್-1234ವೈಎಫ್ ಬಳಕೆಯಲ್ಲಿದೆ. ಎರಡನ್ನೂ ಬೆರೆಸುವಂತಿಲ್ಲ. ನಿಮ್ಮ ಕಾರಿಗೆ ಯಾವುದು, ಎಷ್ಟು ಗ್ರಾಂ ಎಂಬುದು ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಇರುತ್ತದೆ. ಅಗ್ಗಕ್ಕೆ ಸಿಗುವ, ಲೇಬಲ್ ಸರಿಯಿಲ್ಲದ ಡಬ್ಬಿಗಳಲ್ಲಿ ಪ್ರೊಪೇನ್‌ನಂಥ ಹೊತ್ತಿಕೊಳ್ಳುವ ಗ್ಯಾಸ್ ಇರುವ ಅಪಾಯವಿದೆ. ಅದು ಕೂಲಿಂಗ್ ಕಾಯಿಲ್‌ನಿಂದ ಸೋರಿದರೆ ತುಂಬಿಕೊಳ್ಳುವುದು ನೀವು ಕೂತಿರುವ ಜಾಗದಲ್ಲೇ.

ಎಲೆಕ್ಟ್ರಿಕ್ ಕಾರಿದ್ದವರು ಬಾನೆಟ್ ಒಳಗೆ ಕೈಹಾಕದಿರುವುದೇ ಲೇಸು. ಅಲ್ಲಿ ಕಂಪ್ರೆಸರ್ ನೂರಾರು ವೋಲ್ಟಿನ ಬ್ಯಾಟರಿಯಿಂದ ಓಡುತ್ತದೆ, ಕಿತ್ತಳೆ ಬಣ್ಣದ ಕೇಬಲ್‌ಗಳು ಅದರ ಗುರುತು. ಕಂಪ್ರೆಸರ್ ಎಣ್ಣೆಯೂ ಬೇರೆ. ಪೆಟ್ರೋಲ್ ಕಾರಿನ ಎಣ್ಣೆ ಬೆರೆತರೆ ಕರೆಂಟ್ ಸೋರಿಕೆಗೆ ದಾರಿಯಾಗಬಹುದು. ಕೆಲವು ಮಾಡೆಲ್‌ಗಳಲ್ಲಿ ಬ್ಯಾಟರಿಯನ್ನು ತಣಿಸುವುದೂ ಇದೇ ಗ್ಯಾಸ್. ಹೀಗಾಗಿ ಎಸಿ ದೋಷವನ್ನು ಬೇಸಿಗೆ ಕಳೆಯಲಿ ಎಂದು ಮುಂದೂಡಬಾರದು.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

ಮೆಕ್ಯಾನಿಕ್ ನೀಲಿ, ಕೆಂಪು ಪೈಪಿರುವ ಎರಡು ಮೀಟರ್ ಜೋಡಿಸುತ್ತಾರೆ. ನೀಲಿಯದು ಕಡಿಮೆ ಒತ್ತಡದ ಕಡೆ, ಕೆಂಪು ಹೆಚ್ಚಿನದು. ಎಸಿ ಓಡುವಾಗ ಎರಡೂ ಮುಳ್ಳು ಕೆಳಗಿದ್ದರೆ ಗ್ಯಾಸ್ ಕೊರತೆ ಇರಬಹುದು. ಎರಡೂ ಮೇಲಿದ್ದರೆ ಫ್ಯಾನ್ ನಿಂತಿದೆ, ಕಂಡೆನ್ಸರ್ ಕಟ್ಟಿದೆ ಅಥವಾ ಗ್ಯಾಸ್ ಹೆಚ್ಚಾಗಿದೆ. ನೀಲಿ ಮೇಲೇರಿ ಕೆಂಪು ಕೆಳಗಿಳಿದಿದ್ದರೆ ಕಂಪ್ರೆಸರ್ ಸವೆದಿರುವ ಸೂಚನೆ. ಮೀಟರ್ ಹಾಕದೆ ನೇರವಾಗಿ ಗ್ಯಾಸ್ ಡಬ್ಬಿ ಕೈಗೆತ್ತಿಕೊಂಡರೆ ತಡೆದು ಕೇಳಿ.

ಮೀಟರ್ ನೋಡಿ ಗ್ಯಾಸ್ ಎಷ್ಟಿದೆಯೆಂದು ನಿಖರವಾಗಿ ಹೇಳಲಾಗದು ಎಂಬುದೂ ಗೊತ್ತಿರಲಿ. ಅಡುಗೆ ಮನೆಯ ಸಿಲಿಂಡರ್ ನೆನಪಿಸಿಕೊಳ್ಳಿ: ಮುಗಿಯುವ ಹಿಂದಿನ ದಿನದವರೆಗೂ ಒಲೆ ಹೆಚ್ಚುಕಡಿಮೆ ಅದೇ ಜೋರಿನಲ್ಲಿ ಉರಿಯುತ್ತದೆ. ಒಳಗೆ ಒಂದಿಷ್ಟು ದ್ರವ ಉಳಿದಿರುವ ತನಕ ಒತ್ತಡ ನಿಲ್ಲುವುದು ತಾಪಮಾನದ ಮೇಲೆ, ಉಳಿದಿರುವ ಪ್ರಮಾಣದ ಮೇಲಲ್ಲ. ಎಷ್ಟಿದೆ ಎಂದು ತಿಳಿಯಲು ತೂಗಲೇಬೇಕು. ಕಾರಿನ ಎಸಿಗೂ ಇದೇ ನಿಯಮ. ಸಣ್ಣ ಕಾರಿಗೆ ಬೇಕಾಗುವುದು ಅರ್ಧ ಕಿಲೋ ಆಸುಪಾಸು, ಅದರಲ್ಲಿ ನೂರು ಗ್ರಾಂ ಹೆಚ್ಚುಕಡಿಮೆಯಾದರೂ ತಂಪು ಕೆಡುತ್ತದೆ. "ಸ್ವಲ್ಪ ಜಾಸ್ತಿನೇ ಹಾಕಿ" ಎಂದು ನಾವೇ ಹೇಳುವುದುಂಟು. ಹೆಚ್ಚಾದರೆ ಕಂಡೆನ್ಸರ್ ತುಂಬಿ ಒತ್ತಡ ಏರುತ್ತದೆ, ಗಾಳಿ ಇನ್ನಷ್ಟು ಬಿಸಿಯಾಗುತ್ತದೆ, ಕಂಪ್ರೆಸರ್ ಹಾಳಾಗುತ್ತದೆ.

ಸರಿಯಾದ ಕ್ರಮ ಹೀಗೆ. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಎಳೆದು ತೂಗುವುದು. ನೈಟ್ರೋಜನ್ ತುಂಬಿಸಿ, ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕುವುದು. ಸಣ್ಣ ಸೋರಿಕೆಗೆ ಹೊಳೆಯುವ ಬಣ್ಣ ಸೇರಿಸಿ ಕೆಲವು ದಿನ ಬಿಟ್ಟು ನೀಲಿ ಬೆಳಕಿನಲ್ಲಿ ನೋಡುವುದು. ಸೋರುವ ಭಾಗ ಬದಲಿಸುವುದು. ಆಮೇಲೆ ವ್ಯಾಕ್ಯೂಮ್: ಪಂಪ್ ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆಯುವುದು, ಅರ್ಧ ಗಂಟೆಯಾದರೂ ಬೇಕು. ಒತ್ತಡ ಅಷ್ಟು ಇಳಿದಾಗ ಒಳಗೆ ಅಡಗಿದ ನೀರಿನಂಶ ಮಾಮೂಲಿ ಬಿಸಿಯಲ್ಲೇ ಕುದಿದು ಹೊರಹೋಗುತ್ತದೆ. ನೀರು ಉಳಿದರೆ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲಿ ಹೆಪ್ಪುಗಟ್ಟುತ್ತದೆ, ಜೊತೆಗೆ ಆಮ್ಲವಾಗಿ ಒಳಗಿನ ಲೋಹವನ್ನು ತಿನ್ನುತ್ತದೆ. ಪಂಪ್ ನಿಲ್ಲಿಸಿದ ಮೇಲೂ ಮುಳ್ಳು ಅಲುಗದೆ ನಿಲ್ಲಬೇಕು. ನಿಧಾನವಾಗಿ ಏರಿದರೆ ತೂತು ಇನ್ನೂ ಇದೆ, ಅಥವಾ ತೇವ ಪೂರ್ತಿ ಹೋಗಿಲ್ಲ. ಕೊನೆಗೆ ತೂಕ ಮಾಡಿ ಗ್ಯಾಸ್, ಸೋರಿಹೋದಷ್ಟು ಎಣ್ಣೆ.

ಸೋರಿಕೆ ಮುಚ್ಚುತ್ತದೆ ಎಂದು ಡಬ್ಬಿಯಲ್ಲಿ ಬರುವ ಸೀಲೆಂಟ್ ಬೇಡವೆನ್ನಿ. ಅದು ವಾಲ್ವಿನಲ್ಲಿ ಗಟ್ಟಿಯಾಗಿ ಕೂರುವುದುಂಟು, ಮುಂದೆ ಗ್ಯಾಸ್ ಎಳೆಯುವ ಯಂತ್ರವನ್ನೂ ಕೆಡಿಸುತ್ತದೆ. ಕಂಪ್ರೆಸರ್ ಅಥವಾ ಕಂಡೆನ್ಸರ್ ಬದಲಿಸಬೇಕೆಂದರೆ ಹಳೆಯ ಭಾಗವನ್ನು ತೋರಿಸಲು ಹೇಳಿ, ಡ್ರೈಯರನ್ನೂ ಜೊತೆಯಲ್ಲೇ ಬದಲಿಸಿ. ಗಾಳಿಗೆ ತೆರೆದ ಡ್ರೈಯರ್ ಬೇಗನೆ ತೇವ ಕುಡಿದು ಕೆಲಸಕ್ಕೆ ಬಾರದಾಗುತ್ತದೆ.

ಬಿಲ್ಲಿನಲ್ಲಿ "ಎಸಿ ಸರ್ವಿಸ್" ಎಂದಷ್ಟೇ ಬರೆಸಿಕೊಳ್ಳಬೇಡಿ. ಸೋರಿಕೆ ಸಿಕ್ಕ ಜಾಗ, ವ್ಯಾಕ್ಯೂಮ್ ಎಷ್ಟು ಹೊತ್ತು, ಹೊರತೆಗೆದ ಗ್ಯಾಸ್ ಎಷ್ಟು ಗ್ರಾಂ, ತುಂಬಿದ್ದು ಎಷ್ಟು ಗ್ರಾಂ ಎಂದು ಬರೆಸಿ. ಮುಂದಿನ ಬೇಸಿಗೆಗೆ ಮತ್ತೆ ಬಿಸಿಗಾಳಿ ಬಂದರೆ, ಬೇರೆ ಗ್ಯಾರೇಜಿನಲ್ಲಾದರೂ ಸರಿ, ಗ್ಯಾಸ್ ಎಳೆದು ತೂಗಿದಾಗ ಎಷ್ಟು ಸೋರಿದೆ ಎಂದು ಆ ಚೀಟಿ ನೋಡಿಯೇ ಲೆಕ್ಕ ಹಾಕಬಹುದು.